ತಂತಿ ಕಟ್ಟಿದ ವಿಮಾನ

ಈಥರಿನ ವಾಸನೆ ಕಾಶಿಬಾಯಿಗೆ ಪರಿಚಯವಾದದ್ದು ಅವಳಿನ್ನೂ ಸಾಲಿಗೆ ಹೋಗದಿದ್ದಾಗ, ತಿಕೋಟಾದ ದವಾಖಾನೆಯಲ್ಲಿ. ತೊಡೆಯ ಮೇಲೆ ಎದ್ದ ಕುರು ಕೊಯ್ಯಲೆಂದು ಅವಳನ್ನು ಕಟ್ಟಿಗೆಯ ಮೇಜಿನ ಮೇಲೆ ಮಲಗಿಸಿದ್ದರು. ಮೂಗಿಗೆ ಅರಿವೆ ಹಿಡಿದಾಗ ಬಂದ ಆ ವಾಸನೆ ಸಿಹಿಯೂ ಅಲ್ಲ, ಘಾಟೂ ಅಲ್ಲ. ಮೂಗಿನಿಂದ ನೆಟ್ಟಗೆ ನೆತ್ತಿಗೆ ಏರಿ ಅಲ್ಲಿ ತಣ್ಣಗೆ ಕೂತುಬಿಡುವಂಥದು. ಕೈಕಾಲು ಬಡಿದು ಚೀರುತ್ತಿದ್ದವಳ ಹೆಬ್ಬೆರಳನ್ನು ಕಂಪೌಂಡರ್ ಚಮನಸಾಬ ತನ್ನ ಮುಷ್ಟಿಯಲ್ಲಿ ಹಿಡಿದು, "ಅಂಜಬ್ಯಾಡ ಮಗಳ, ನಿನ್ನ ಹೆಬ್ಬಟ್ಟ ನನ್ನ ಕಡೆ ಐತಿ. ನೀ ಎಲ್ಲಿಗೂ ಹೋಗೂದಿಲ್ಲ" ಎಂದಿದ್ದ. ಎಚ್ಚರಾದಾಗಲೂ ಅವನು ಅದನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಅಷ್ಟು ಒಳ್ಳೆಯ ಮನುಷ್ಯನ ನೆನಪು ಅದರ ಜೊತೆಗಿದ್ದರೂ ಅಂಜಿಕೆ ಮಾತ್ರ ಆ ವಾಸನೆಗೇ ಅಂಟಿಕೊಂಡು ಉಳಿಯಿತು.

ಹೀಗಾಗಿ ಮದುವೆಯಾಗಿ ವಿಜಾಪುರಕ್ಕೆ ಬಂದ ಹೊಸದರಲ್ಲಿ, ಗಂಡನಿಗೆ ಚಹಾ ಒಯ್ಯಲು ಅಟ್ಟದ ಮೆಟ್ಟಿಲು ಹತ್ತುತ್ತಿದ್ದವಳು ನಡುವೆಯೇ ನಿಂತುಬಿಟ್ಟಳು. ಅದೇ ವಾಸನೆ. ಕಪ್ಪು-ಬಸಿ ಕೈಯಲ್ಲಿ ಗಡಗಡ ಅಂದವು.

"ಬಾ, ಬಾ, ಯಾರನ್ನೂ ಕೊಯ್ಯಾಕತ್ತಿಲ್ಲ ಇಲ್ಲೆ," ಎಂದು ಮೇಲಿನಿಂದ ಶಿವಯೋಗೆಪ್ಪ ನಕ್ಕ. ಆ ದವಾಖಾನೆಯ ಕಥೆಯನ್ನು ಅವನು ಆಗಲೇ ಕೇಳಿದ್ದ.

ಅಟ್ಟದ ಮೇಲೆ, ಅರಿವೆಯ ಗಂಟುಗಳ ನಡುವೆ, ಮೇಜಿನ ಮೇಲೊಂದು ವಿಮಾನ ನಿಂತಿತ್ತು. ರೆಕ್ಕೆ ಚಾಚಿದರೆ ಒಂದು ಗೇಣು ಕಡಿಮೆ ಎರಡು ಮೊಳ. ಮುಂಬೈಯಿಂದ ತರಿಸಿದ, ತೂಕವೇ ಇಲ್ಲದ ಬಾಲ್ಸಾ ಕಟ್ಟಿಗೆಯ ಎಲುಬು; ಅದರ ಮೇಲೆ ಬಿಗಿದ ತೆಳ್ಳನೆಯ ರೇಷ್ಮೆ. ಮೂತಿಯಲ್ಲಿ ನಿಂಬೆಹಣ್ಣಿನಷ್ಟು ಇಂಜಿನು. ಆ ಇಂಜಿನಿಗೆ ಈಥರು, ಸೀಮೆಎಣ್ಣೆ, ಔಡಲೆಣ್ಣೆ ಮೂರನ್ನೂ ಕೂಡಿಸಿ ಕುಡಿಸಬೇಕಂತೆ. ಪುಣೆಯಲ್ಲಿ ಕಾಲೇಜು ಓದುವಾಗ ಅವನಿಗೆ ಈ ಹುಚ್ಚು ಹತ್ತಿತ್ತು. ಅಪ್ಪನಿಗೆ ಮೈ ನೆಟ್ಟಗಿಲ್ಲವೆಂದು ಓದು ಬಿಟ್ಟು ಬಂದು ಗಾಂಧಿ ಚೌಕಿನ ಅರಿವೆ ಅಂಗಡಿಯಲ್ಲಿ ಕೂತನಾದರೂ ಹುಚ್ಚು ಮಾತ್ರ ಸಂಗಡವೇ ಬಂದಿತ್ತು.

"ಅರಿವಿ ಮಾರ್ ಅಂದ್ರ ಅರಿವೀಗೆ ರೆಕ್ಕಿ ಕಟ್ಟತಾನ ನನ್ನ ಮಗ," ಎಂದು ಮಾವನವರು ಗಿರಾಕಿಗಳ ಮುಂದೆ ಹೇಳುತ್ತಿದ್ದರು. ಬೈಗುಳವಾಗಿ ಶುರುವಾಗುವ ಆ ಮಾತು ಮುಗಿಯುವಾಗ ಒಂದಿಷ್ಟು ಹೆಮ್ಮೆಯಾಗಿರುತ್ತಿತ್ತು.

ಆದಿತ್ಯವಾರ ಸಂಜೆ ಗಂಡಹೆಂಡತಿ ತೊರವಿಯ ಹಾದಿಯಲ್ಲಿದ್ದ ಬಯಲಿಗೆ ಟಾಂಗಾದಲ್ಲಿ ಹೋಗುತ್ತಿದ್ದರು. ವಿಮಾನದ ಎಡರೆಕ್ಕೆಯಿಂದ ಕೂದಲಿನಂಥ ಎರಡು ಉಕ್ಕಿನ ತಂತಿಗಳು ಹೊರಟು, ಹತ್ತು ಮಾರು ದೂರದಲ್ಲಿ ಅವನ ಕೈಯಲ್ಲಿರುವ ಹಿಡಿಕೆಗೆ ಸೇರುತ್ತಿದ್ದವು. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದಂತೆ ವಿಮಾನ ಅವನ ಸುತ್ತ ತಿರುಗಬೇಕು. ಹಿಡಿಕೆಯನ್ನು ಹಿಂದಕ್ಕೆ ಬಾಗಿಸಿದರೆ ಏರುತ್ತದೆ, ಮುಂದಕ್ಕೆ ಬಾಗಿಸಿದರೆ ಇಳಿಯುತ್ತದೆ. ಎಣ್ಣೆ ತೀರುವವರೆಗೆ ಅದು ನಿಲ್ಲುವುದಿಲ್ಲ. ಅದು ನಿಲ್ಲುವವರೆಗೆ ಅವನು ಹಿಡಿಕೆ ಬಿಡುವಂತಿಲ್ಲ, ಅದರ ಮೇಲಿನ ಕಣ್ಣು ಕೀಳುವಂತಿಲ್ಲ.

ಹಾರಿಸುವ ಮೊದಲು ವಿಮಾನವನ್ನು ಹಿಡಿದು ನಿಂತು, ಅವನು ಕೈ ಎತ್ತಿದಾಗ ಬಿಡುವ ಕೆಲಸ ಕಾಶಿಬಾಯಿಯದು. ಇಂಜಿನು ಎಣ್ಣೆ ಕಾರುತ್ತದೆಂದು ಅವನು ಪ್ರತಿ ಸಲವೂ ತನ್ನ ಟವೆಲನ್ನು ಅವಳ ತಲೆಗೆ ಸುತ್ತಿ, ಒಂದು ಕೂದಲೂ ಹೊರಗಿಲ್ಲದ ಹಾಗೆ ಸಿಕ್ಕಿಸಿಯೇ ತನ್ನ ಜಾಗಕ್ಕೆ ಹೋಗುತ್ತಿದ್ದ. ಅವಳು ಕಣ್ಣು ಮುಚ್ಚಿ ಬಿಡುತ್ತಿದ್ದಳು. ಕಿವಿ ಸೀಳುವ ಆ ಸದ್ದು, ಕಣ್ಣಿಗೆ ಕಾಣದೆ ಗಾಳಿ ಕೊಯ್ಯುವ ಆ ತಂತಿ, ಎಲ್ಲಕ್ಕೂ ಅವಳಿಗೆ ಅಂಜಿಕೆ.

"ಎದಕ್ಕ ಅಂಜಬೇಕು, ಎದಕ್ಕ ಅಂಜಬಾರದು ಅಂತ ಹೇಳತೇನಿ ಕೇಳು," ಎಂದಿದ್ದ ಅವನು ಒಮ್ಮೆ. "ಸದ್ದಿಗೆ ಅಂಜಬ್ಯಾಡ. ಕರೆಂಟಿನ ತಂತಿಗೆ ಅಂಜು. ನಮ್ಮ ತಂತಿ ಹೋಗಿ ಆ ತಂತಿಗೆ ತಾಗಿತು ಅಂದ್ರ ಮುಗೀತು. ಪುಣೆಯೊಳಗ ನಮ್ಮ ಸಂಗಡದ ಹುಡುಗ ಒಬ್ಬಾಂವ ಹಂಗ ನಿಂತಲ್ಲೇ ಹೋದ. ಅವನ ಹಿಡಿಕೀ ಬಿಡಿಸಾಕ ಆಗಲಿಲ್ಲ."

ಅಂದಿನಿಂದ ಬಯಲಿಗೆ ಹೋದಾಗಲೆಲ್ಲ ಕಾಶಿಬಾಯಿ ಮೊದಲು ಆಕಾಶ ನೋಡುತ್ತಿದ್ದಳು, ಎಲ್ಲಾದರೂ ಕಂಬ ಇದೆಯೇ ಎಂದು.

ಅರವತ್ತಮೂರನೆಯ ಇಸವಿಯ ಸುಗ್ಗಿ ಮುಗಿದಿತ್ತು. ಬಬಲೇಶ್ವರದಿಂದ ಶಿವಯೋಗೆಪ್ಪನ ಸೋದರಮಾವ ಮಲಕಾಜಪ್ಪ ಅಂಗಡಿಗೆ ಬಂದವನು, "ಏನಲೇ ಅಳಿಯಾ, ವಿಮಾನ ಮಾಡೀಯಂತ. ಊರ ಮಂದಿ ನೋಡಬೇಕಂತಾರ. ಹೆಣ್ತಿನ್ನ ಕರಕೊಂಡ ಬಾ" ಎಂದು ಪಟ್ಟು ಹಿಡಿದ. ಅದೊಂದು ಆದಿತ್ಯವಾರ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟರು. ವಿಮಾನವನ್ನು ಹೊಸ ಧೋತರದಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದವಳು ಕಾಶಿಬಾಯಿ. ಎಂಟು ತಿಂಗಳು ಕೂತು ಮಾಡಿದ್ದು ಅದು.

ಸಾಲಿ ಬಯಲು ಊರಿನ ಅಂಚಿಗಿತ್ತು. ಮೂಡಣಕ್ಕೆ ಜಾಲಿಕಂಟಿ, ಅದರಾಚೆ ಕಪ್ಪು ಎರೆಹೊಲ. ಪಡುವಣಕ್ಕೆ ಹಾದಿ, ಹಾದಿಯ ಗುಂಟ ಸಾಲಾಗಿ ವಿದ್ಯುತ್ತಿನ ಕಂಬಗಳು. ಕಾಶಿಬಾಯಿ ಗಂಡನ ಅಂಗಿಯ ತೋಳು ಜಗ್ಗಿ ತೋರಿಸಿದಳು.

"ಮಾವ, ಕರೆಂಟ ಐತೇನ್ರಿ ಅದರಾಗ?" ಎಂದು ಕೇಳಿದ ಶಿವಯೋಗೆಪ್ಪ.

ಮಲಕಾಜಪ್ಪ ಹೊಟ್ಟೆ ಹಿಡಿದು ನಕ್ಕ. "ಕರೆಂಟ? ಕಂಬ ನೆಟ್ಟು ಒಂದ ವರ್ಷಾತು. ಒಂದಕ್ಕ ನಮ್ಮ ಎಮ್ಮಿ ಕಟ್ಟೇವಿ, ಇನ್ನೊಂದಕ್ಕ ಗೈಬುಸಾಬನ ಹೋತು ಮೈ ತಿಕ್ಕತೈತಿ. ಮೂರ ಸಲ ಡಂಗುರ ಹೊಡಸಿದ್ರು, ಬೆಳಕ ಬರತೈತಿ, ಬೆಳಕ ಬರತೈತಿ ಅಂತ. ಮೂರೂ ಸಲ ಕತ್ತಲೀನ ಬಂತು. ಡಂಗುರದಾಂವಗ ಮಂದಿ ಎಷ್ಟ ನಕ್ಕಾರಂದ್ರ, ಈಗ ಅಂವಾ ಹಲಗಿ ಮುಟ್ಟಾಕ ನಾಚತಾನ. ತಂತೀ ಮ್ಯಾಲ ನೋಡು, ಗುಬ್ಬಿ ಕುಂತಾವ."

"ಗುಬ್ಬಿ ಎಲ್ಲೆರ ಕುಂದರತಾವ್ರಿ," ಎಂದಳು ಕಾಶಿಬಾಯಿ ಮೆಲ್ಲಗೆ.

"ಯವ್ವಾ, ಪಟ್ಟಣದ ಸೊಸಿ ಭಾಳ ಅಂಜುಬುರಕಿ ಅದಾಳಲೇ!" ಎಂದು ಮಲಕಾಜಪ್ಪನ ಮಗ ತುಕಾರಾಮ ನಗೆಯೆಬ್ಬಿಸಿದ. ಅಂದು ವಿಮಾನ ಹಿಡಿದು ಬಿಡುವ ಕೆಲಸ ತನಗೇ ಬೇಕೆಂದು ಅವನು ಮೊದಲೇ ಹೇಳಿಬಿಟ್ಟಿದ್ದ.

ಶಿವಯೋಗೆಪ್ಪ ಕಂಬಗಳ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಬಯಲಿನ ನಡುವಿಗೆ ಸರಿದು ಒಂದು ಕಲ್ಲಿಟ್ಟು ಗುರುತು ಮಾಡಿದ. ಅಲ್ಲಿ ನಿಂತರೆ ತಂತಿ ಕಂಬದವರೆಗೆ ಮುಟ್ಟುವುದಿಲ್ಲ. ಆದರೆ ನಡುವೆ ಉಳಿದ ಜಾಗ ತೊರವಿಯ ಬಯಲಿನಲ್ಲಾಗಿದ್ದರೆ ಅವನು ಒಪ್ಪುವಷ್ಟಿರಲಿಲ್ಲ. "ಸತ್ತ ತಂತಿ," ಎಂದ, ತನಗೆ ತಾನೇ ಹೇಳಿಕೊಂಡಂತೆ. ಅಷ್ಟರಲ್ಲಿ ಮಲಕಾಜಪ್ಪನ ಹೆಂಡತಿ ಮುದುಕವ್ವ ಮನೆಯಿಂದ ಕರೆ ಕಳಿಸಿದಳು: ಹೆಣ್ಣುಮಕ್ಕಳಿಗೆ ಬಯಲಿನಲ್ಲಿ ಏನು ಕೆಲಸ, ಅಡಿಗೆ ಆಗಬೇಕು.

ಮುದುಕವ್ವನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಅವಳು ಊರ ಸುದ್ದಿಯೆಲ್ಲ ಹೇಳಿದಳು. ಕಾಶಿಬಾಯಿ ಕಡಲೆಸೊಪ್ಪು ಸೋಸುತ್ತ ಹೂಂ ಅನ್ನುತ್ತಿದ್ದರೂ ಅವಳ ಕಿವಿ ಬಯಲಿನ ಕಡೆಗಿತ್ತು. ಗಾಳಿ ಎದ್ದಿತ್ತು. ಸುಗ್ಗಿಯ ನಂತರದ ಒಣಗಾಳಿ, ಮೂಡಣದಿಂದ ಪಡುವಣಕ್ಕೆ. ಹಿತ್ತಿಲಲ್ಲಿ ಹಾಕಿದ್ದ ಸೀರೆ ಅತ್ತಲೇ ಎದ್ದೆದ್ದು ಬಡಿಯುತ್ತಿತ್ತು. ಗಾಳಿಯ ದಿನ ತಂತಿ ಜಗ್ಗುತ್ತದೆ, ಹಾರಿಸುವವನು ತನಗೆ ತಿಳಿಯದಂತೆಯೇ ಹೆಜ್ಜೆ ಹೆಜ್ಜೆ ಗಾಳಿ ಹೋದ ಕಡೆಗೆ ಸರಿಯುತ್ತಾನೆ. ತೊರವಿಯಲ್ಲಿ ಅವಳೇ ಎಷ್ಟೋ ಸಲ ನೋಡಿದ್ದಳು.

ಸತ್ತ ತಂತಿ, ಸತ್ತ ತಂತಿ, ಎಂದು ಅವಳೂ ಮನಸ್ಸಿನಲ್ಲಿ ಹೇಳಿಕೊಂಡಳು.

"ಒಳಗಿನ ಕೋಣ್ಯಾಗ ರೊಟ್ಟೀಗೆ ಹಚ್ಚಗೊಳ್ಳೂ ಶೇಂಗಾ ಹಿಂಡಿ ಗಡಿಗಿ ಐತಿ, ತಗೊಂಡ ಬಾ ನನ್ನವ್ವ," ಎಂದಳು ಮುದುಕವ್ವ.

ಆ ಕೋಣೆಗೆ ಕಿಟಕಿಯಿರಲಿಲ್ಲ. ನೆಲದಡಿಯ ಜೋಳದ ಹಗೇವಿನ ತಂಪು, ಹಳೆಯ ಕಂಬಳಿಯ ವಾಸನೆ. ಬಾಗಿಲು ದಾಟಿದ ಕಾಶಿಬಾಯಿ ನಿಂತಳು. ಕತ್ತಲೆಯಲ್ಲಿ, ತೊಲೆಯ ಕೆಳಗೆ, ಕೆಂಪಗೆ ಒಂದು ಹಣ್ಣು ತೂಗುತ್ತಿತ್ತು. ಕೆಂಡದಂತೆ ಒಳಗಿನಿಂದಲೇ ಬೆಳಗುತ್ತಿತ್ತು ಅದು.

"ಅತ್ತಿ, ಇದೇನ್ರಿ ಮ್ಯಾಲ ತೂಗಹಾಕೀರಿ?"

"ಅದಾ? ಬಲ್ಬ," ಎಂದಳು ಮುದುಕವ್ವ ಒಲೆಯ ಮುಂದಿನಿಂದಲೇ. "ಹೋದ ದೀಪಾವಳಿಗೆ ನಿಮ್ಮ ಮಾವ ತಂದು ಸಿಗಸ್ಯಾರ. ಹೊಗೀಗೆ ಕರ್ರಗ ಆಗಬಾರದು, ಯಾರದೂ ದೃಷ್ಟಿ ತಾಗಬಾರದು ಅಂತ ಕೆಂಪ ಖಣದ ಅರಿವೀ ಚೀಲ ಹೊಲದು ಹಾಕೇನಿ. ಗುಂಡಿ ಕೆಳಗ ಒತ್ತೇ ಇಟ್ಟೇವಿ, ಬೆಳಕ ಬಂದಾಗ ತಾನ ಬರಲಿ ಅಂತ. ಯುಗಾದೀಗೆ ಬರತೈತಿ ಅಂತಾರ, ಆವತ್ತ ಚೀಲಾ ತಗದು, ಆರತಿ ಮಾಡಿ ನೋಡೋದು."

ಬಲ್ಬಿನ ಮೇಲೆ ಚೀಲ. ಗುಂಡಿ ಒತ್ತೇ ಇದೆ. ಚೀಲ ಬೆಳಗುತ್ತಿದೆ. ಮೂರೂ ಮಾತು ಒಂದರ ಹಿಂದೊಂದು ಅವಳ ತಲೆಯಲ್ಲಿ ಬಂದು ಕೂತವು. ಅರಿವೆ ಸೀಯುವ ನಾತವೂ ಆಗಲೇ ಸಣ್ಣಗೆ ಎದ್ದಿತ್ತು. ಆಗಲೇ ಬಂದುಬಿಟ್ಟಿದೆ ಬೆಳಕು, ಒಂದು ತಾಸಾಯಿತೋ ಎರಡಾಯಿತೋ. ಹಗಲು ಹೊತ್ತು, ಯಾರಿಗೂ ಗೊತ್ತಾಗಿಲ್ಲ.

ಅದೇ ಗಳಿಗೆಗೆ ಬಯಲಿನಿಂದ ಇಂಜಿನಿನ ಸದ್ದು ಕೇಳಿತು. ಮೊದಲು ಕೆಮ್ಮು, ಆಮೇಲೆ ಚೀರು.

ಕಾಶಿಬಾಯಿ ಓಡಿದಳು. ಸೊಪ್ಪಿನ ಮೊರ ಕಾಲಿಗೆ ಬಡಿದು ಚೆಲ್ಲಿತು. "ಎಲ್ಲಿಗೆ ಬೇ? ತಲೀ ಮ್ಯಾಲೆ ಸೆರಗ ಹೊಚ್ಚಗೋ!" ಎಂಬ ಮುದುಕವ್ವನ ಕೂಗು ಹಿಂದೆ ಉಳಿಯಿತು. ಓಣಿಯ ಕಟ್ಟೆಯ ಮೇಲಿನ ಮುದುಕರು ನೋಡಿದರು, ನಾಯಿ ಬೆನ್ನು ಹತ್ತಿತು.  ಎಣ್ಣೆ ತೀರಲಿ ದೇವರೇ, ಎಣ್ಣೆ ತೀರಲಿ. ಆದರೆ ಇಂದು ಜನ ಬಹಳ ಎಂದು ಅವನು ಟಾಕಿ ತುಂಬ ಹಾಕಿಕೊಂಡದ್ದನ್ನು ಅವಳೇ ನೋಡಿದ್ದಳು.

ಬಯಲಿನಲ್ಲಿ ಊರೇ ಸುತ್ತುಗಟ್ಟಿ ನಿಂತಿತ್ತು. ನಡುವೆ ಶಿವಯೋಗೆಪ್ಪ ಕೈ ಚಾಚಿ, ಕತ್ತೆತ್ತಿ, ತಿರುಗುತ್ತಿದ್ದ. ಅವನು ಕಲ್ಲಿನ ಮೇಲಿರಲಿಲ್ಲ. ಕಲ್ಲು ಮೂಡಣಕ್ಕೆ ಎಲ್ಲೋ ಹಿಂದೆ ಉಳಿದಿತ್ತು. ವಿಮಾನ ಪಡುವಣಕ್ಕೆ ಬಂದಾಗಲೆಲ್ಲ ಕಂಬದ ಸಾಲಿಗೆ ತಾಗುವಷ್ಟು ಹತ್ತಿರ ಹಾಯುತ್ತಿತ್ತು. ಜನ ತೋಳು ಎತ್ತೆತ್ತಿ ಕೂಗುತ್ತಿದ್ದರು: "ಮ್ಯಾಲ! ಇನ್ನೂ ಮ್ಯಾಲ!"

"ನಿಲ್ಲಸ್ರಿ! ಕರೆಂಟ ಬಂದೈತಿ!" ಎಂದು ಕಾಶಿಬಾಯಿ ಚೀರಿದಳು. ಇಂಜಿನಿನ ಸದ್ದು ಅದನ್ನು ನುಂಗಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನಕ್ಕಳು. "ಗಂಡಗ ದೃಷ್ಟಿ ತಾಗತೈತಿ ಅಂತ ಅಂಜ್ಯಾಳ ನೋಡ, ಪಾಪ." ಜನ ಸರಿಯಲಿಲ್ಲ. ಯಾರ ಬೆನ್ನನ್ನು ತಳ್ಳಿದರೂ ಅದು ಅವಳ ಕಡೆ ತಿರುಗಲಿಲ್ಲ.

ಇನ್ನೊಂದು ಸುತ್ತು. ವಿಮಾನ ಏರಿತು. ಅದರ ರೆಕ್ಕೆ ಮೇಲಿನ ತಂತಿಯ ಮಟ್ಟಕ್ಕೆ ಬಂದಂತೆ ಕಂಡಿತು.

ಮದುವೆಯಲ್ಲಿ ಒಡಪು ಹೇಳಿಸಿದಾಗ ಒಮ್ಮೆ ಬಿಟ್ಟರೆ ಗಂಡನ ಹೆಸರನ್ನು ಅವಳು ಬಾಯಲ್ಲಿ ತಂದವಳಲ್ಲ. ಆ ಕಾಲದ ಯಾವ ಹೆಂಗಸೂ ತರುತ್ತಿರಲಿಲ್ಲ. ಈಗ ಅವಳ ಹೊಟ್ಟೆಯ ತಳದಿಂದ ಅದು ಹರಿದುಕೊಂಡು ಬಂತು.

"ಶಿವಯೋಗೆಪ್ಪಾ! ಏ ಶಿವಯೋಗೆಪ್ಪಾ!"

ಅವನಿಗೆ ಕೇಳಿಸಲಿಲ್ಲ. ಆದರೆ ಮುಂದೆ ನಿಂತವರೆಲ್ಲ ಚೇಳು ಕಡಿದಂತೆ ತಿರುಗಿದರು. ನಗುತ್ತಿದ್ದ ಹೆಂಗಸಿನ ಬಾಯಿ ಹಾಗೇ ನಿಂತಿತು. ಹೆಂಡತಿ ಗಂಡನ ಹೆಸರು ಹಿಡಿದು ಕೂಗುತ್ತಾಳೆಂದರೆ ಜೀವಕ್ಕೇ ಸಂಚಕಾರ ಬಂದಿದೆ ಎಂದು ಅವರಿಗೆ ಹೇಳಬೇಕಾಗಲಿಲ್ಲ. ಬೆನ್ನುಗಳು ಸರಿದು ದಾರಿ ಬಿಟ್ಟವು.

ಎದುರಿಗೆ ಬರಿಯ ಬಯಲು. ಅದರ ಮೇಲೆ ಎದೆಯೆತ್ತರದಿಂದ ತಲೆಯೆತ್ತರದವರೆಗೆ, ಕಣ್ಣಿಗೆ ಕಾಣದ ಎರಡು ಉಕ್ಕಿನ ಕೂದಲು ಸುಂಯ್ ಎಂದು ತಿರುಗುತ್ತಿದ್ದವು. ಅದಕ್ಕೆ ಸಿಕ್ಕರೆ ಕತ್ತೂ ಉಳಿಯದು, ಎಂದು ಅವನೇ ಹೇಳಿದ್ದ. ಒಳಗೆ ಎಂದೂ ಬರಬೇಡ, ನಾ ಸತ್ತರೂ ಬರಬೇಡ, ಎಂದೂ ಅವನೇ ಹೇಳಿದ್ದ. ವಿಮಾನ ಈ ಕಡೆ ಕೆಳಗಿಳಿದು ಅವಳ ಮುಖದ ಮುಂದೆ ಹಾದು ಹೋಯಿತು. ಔಡಲೆಣ್ಣೆಯ ತುಂತುರು ಕೆನ್ನೆಗೆ ಬಿತ್ತು. ಅದು ಹಾದದ್ದೇ ತಡ, ಅವಳು ಸೀರೆ ಎತ್ತಿ ಹಿಡಿದು ಒಳಗೆ ಓಡಿದಳು. ಸದ್ದು ಬೆನ್ನ ಹಿಂದಿನಿಂದ ಸುತ್ತಿ ಬರುತ್ತಿರುವಾಗ ನೆಲಕ್ಕೆ ಬೋರಲು ಬಿದ್ದಳು. ಮೇಲೆ ಗಾಳಿ ಸೀಳಿತು. ಎದ್ದು ಓಡಿದಳು. ಮತ್ತೆ ಬಿದ್ದಳು. ಮೊಣಕೈ ತರಚಿ ಮಣ್ಣು ಬಾಯಿಗೆ ಹೋಯಿತು. ಆಮೇಲೆ ಏಳುವ ಧೈರ್ಯವಾಗಲಿಲ್ಲ. ಉಳಿದಷ್ಟು ದೂರ ಕೂಸಿನಂತೆ ತೆವಳಿದಳು. ಕೊನೆಗೆ ಅವನ ಕಾಲು ಕೈಗೆ ಸಿಕ್ಕವು. ಎರಡನ್ನೂ ತಬ್ಬಿ ಹಿಡಿದಳು.

ಶಿವಯೋಗೆಪ್ಪ ಮುಗ್ಗರಿಸಿದ. ವಿಮಾನ ಒಂದು ಮೊಳ ಕುಸಿದು ಎದ್ದಿತು. "ಹುಚ್ಚೀ! ಸಾಯತೀ! ಕೆಳಗ ಇರು!" ಎಂದು ಒದರಿದ, ಕಣ್ಣು ಮಾತ್ರ ವಿಮಾನದ ಮೇಲೇ. ಅವಳು ಅವನ ಸೊಂಟ ಹಿಡಿದು, ಅವನ ಬೆನ್ನಿಗೆ ಅಂಟಿಕೊಂಡು ಎದ್ದು, ಕಿವಿಯಲ್ಲಿ ಕೂಗಿದಳು:

"ತಂತ್ಯಾಗ ಕರೆಂಟ ಬಂದೈತಿ! ಅತ್ತಿ ಮನ್ಯಾಗ ಬಲ್ಬ ಹತ್ತೈತಿ!"

ಅವನ ಮೈ ಒಮ್ಮೆ ಬಿಗಿಯಿತು. ಅದು ಅವಳಿಗೆ ಬೆನ್ನಿನಿಂದಲೇ ತಿಳಿಯಿತು. ಹಾರಿಸತೊಡಗಿದ ಮೇಲೆ ಅವನು ಮೊದಲ ಸಲ ಕಂಬಗಳ ಕಡೆ ನೋಡಿದ, ನೋಡಿ ತಾನೆಲ್ಲಿ ನಿಂತಿದ್ದೇನೆಂದು ಕಂಡ.

ಹಿಡಿಕೆ ಬಿಡುವಂತಿಲ್ಲ. ಬಿಟ್ಟರೆ ವಿಮಾನ ತಂತಿಯನ್ನು ಎಳೆದುಕೊಂಡು ಜನರ ಮೇಲೇ ಹೋಗುತ್ತದೆ. "ಜಗ್ಗು ನನ್ನ," ಎಂದ. "ಮೂಡಣಕ್ಕ ಜಗ್ಗು." ಅವಳು ಸೊಂಟದ ದಟ್ಟಿಗೆ ಜೋತುಬಿದ್ದು ಜಗ್ಗಿದಳು. ಇಬ್ಬರೂ ತಿರುಗುತ್ತ, ತಿರುಗುತ್ತ, ಗಾಳಿಗೆ ಎದುರಾಗಿ ಅಡಿ ಅಡಿ ಸರಿದರು. ಆಕಾಶ, ಜನ, ಕಂಬ, ಜಾಲಿಕಂಟಿ. ಮತ್ತೆ ಆಕಾಶ, ಜನ, ಕಂಬ.  ಕಂಬ ಬಂದಾಗಲೆಲ್ಲ ಅವಳು ಕಣ್ಣು ಮುಚ್ಚಿ, ಈಗ, ಈಗ, ಎಂದು ಕಾದಳು.

ವಿಮಾನ ಗಾಳಿಗೆ ತೂರಾಡಿ ಮತ್ತೆ ಮೇಲಕ್ಕೆ ಎದ್ದಿತು.

"ಜಾಲಿಕಂಟಿ ಕಡೆ ಮಂದಿ ಅದಾರೇನು?" ಎಂದು ಕೇಳಿದ ಅವನು.

ಅವಳು ಕಣ್ಣು ತೆರೆದು ನೋಡಿದಳು. ಮುಳ್ಳಿಗೆ ಅಂಜಿ ಅಲ್ಲಿ ಯಾರೂ ನಿಂತಿರಲಿಲ್ಲ. "ಇಲ್ಲ, ಯಾರೂ ಇಲ್ಲ!"

ಮುಂದಿನ ಸುತ್ತಿನಲ್ಲಿ ವಿಮಾನ ಕಂಬಗಳನ್ನು ದಾಟಿ ಮೂಡಣಕ್ಕೆ ಬಂದದ್ದೇ ಅವನು ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ಬಾಗಿಸಿದ. ವಿಮಾನ ಮೂತಿ ಕೆಳಗೆ ಮಾಡಿತು. ಹಪ್ಪಳ ಮುರಿದಂಥ ಒಂದು ಸಣ್ಣ ಸದ್ದು. ಆಮೇಲೆ ಸದ್ದೇ ಇಲ್ಲ.

ಕಿವಿಯಲ್ಲಿ ಗುಂಯ್ ಎನ್ನುವ ಮೌನದಲ್ಲಿ ಮೊದಲು ಕೇಳಿದ್ದು ಮಲಕಾಜಪ್ಪನ ದನಿ. "ಏನ ಮಾಡಿದಿ ಬೇ? ಹಾರೂ ವಿಮಾನಾ ಕೆಡವಿಸಿದೆಲ್ಲ!"

"ಕರೆಂಟ ಬಂದೈತಿ ಮಾವ," ಎಂದ ಶಿವಯೋಗೆಪ್ಪ. 

"ಯಾವ ಕರೆಂಟಲೇ? ನಿನ್ನ ಹೆಣ್ತಿ ಅಂದ್ಲು, ನೀ ನಂಬಿದಿ!" ಎಂದು ನಗುತ್ತ ತುಕಾರಾಮ ನೆಲದ ಮೇಲೆ ಬಿದ್ದ ಉಕ್ಕಿನ ತಂತಿಯ ತುದಿಯನ್ನು ಎತ್ತಿಕೊಂಡ. "ತಡೀರಿ, ನಾ ಇದನ್ನ ಅದರ ಮ್ಯಾಲ ಒಗದು ತೋರಸತೇನಿ."

ಕಾಶಿಬಾಯಿಗೆ ಕೂಗಲು ದನಿಯೇ ಉಳಿದಿರಲಿಲ್ಲ. ಓಡಿ ಹೋಗಿ ಅವನ ಮುಂಗೈಗೆ ಎರಡೂ ಕೈ ಹಾಕಿ ಜೋತುಬಿದ್ದಳು. "ಏ ಬಿಡ್ರಿ ವೈನಿ, ಮಂದಿ ನೋಡತಾರ," ಎಂದು ಅವನು ಕೊಡವಿದ. ಅವಳು ಬಿಡಲಿಲ್ಲ.

ಆಗ ಓಣಿಯ ಬಾಯಿಯಿಂದ ಮುದುಕವ್ವ ಬಂದಳು, ಹಿಟ್ಟಿನ ಕೈ ಹಾಗೇ ಇತ್ತು, ತಲೆಯ ಮೇಲೆ ಸೆರಗಿರಲಿಲ್ಲ. "ಬರ್ರೆಪ್ಪೋ, ಬೆಳಕ ಬಂದೈತಿ! ನನ್ನ ಖಣದ ಚೀಲ ಸುಟ್ಟು ತೂತ ಬಿದ್ದೈತಿ!"

ತುಕಾರಾಮನ ಕೈಯಿಂದ ತಂತಿ ಜಾರಿತು. ಅವನು ಒಮ್ಮೆ ಅದನ್ನು, ಒಮ್ಮೆ ಮೇಲಿನ ತಂತಿಯನ್ನು ನೋಡಿ, ತನ್ನ ಅಂಗೈಯನ್ನು ಧೋತರಕ್ಕೆ ಉಜ್ಜಿಕೊಂಡ. ಗೈಬುಸಾಬ ಹೋಗಿ ಹಾದಿಯ ಕಂಬಕ್ಕೆ ಕಟ್ಟಿದ್ದ ಮಲಕಾಜಪ್ಪನ ಎಮ್ಮೆಯನ್ನು ಬಿಚ್ಚಿದ. ಆಮೇಲೆ ತನ್ನ ಹೋತನ್ನು ಹುಡುಕಿಕೊಂಡು ಹೋದ. ಉಳಿದವರೆಲ್ಲ ತಂತಮ್ಮ ಮನೆಯ ಬಲ್ಬು ನೋಡಲು ಓಡಿದರು. ಸ್ವಲ್ಪ ಹೊತ್ತಿನಲ್ಲಿ ಬಯಲಿನಲ್ಲಿ ಗಂಡಹೆಂಡತಿ ಇಬ್ಬರೇ ಉಳಿದರು.

ಶಿವಯೋಗೆಪ್ಪ ಕುಳಿತುಬಿಟ್ಟಿದ್ದ. ಹಿಡಿಕೆ ಇನ್ನೂ ಬಲಗೈಯಲ್ಲಿತ್ತು, ಬೆರಳು ಬಿಚ್ಚಿಕೊಳ್ಳಲೊಲ್ಲವು. ಕಾಶಿಬಾಯಿ ಎದುರು ಕೂತು ಒಂದೊಂದಾಗಿ ಬಿಡಿಸಿದಳು. ಬೆರಳುಗಳು ಬೆಚ್ಚಗಿದ್ದವು. ಅವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದಳು. ಜಾಲಿಕಂಟಿಯ ಹತ್ತಿರ ಚೂರಾಗಿ ಬಿದ್ದದ್ದನ್ನು ನೋಡಿ ಅವಳಿಗೆ ಈಗ ಬೇರೊಂದು ಅಂಜಿಕೆ ಹುಟ್ಟಿತು.

"ಎಂಟ ತಿಂಗಳಿಂದು," ಎಂದಳು. "ಹಾಳಾತು."

ಅವನು ಅವಳ ತರಚಿದ ಮೊಣಕೈಯಲ್ಲಿ ಮೆತ್ತಿದ ಎರೆಮಣ್ಣನ್ನು ತನ್ನ ಟವೆಲಿನ ತುದಿಯಿಂದ ಒರೆಸತೊಡಗಿದ.  ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದ.

ನೆರಳು ಬಿದ್ದಾಗ ಇಬ್ಬರೂ ತಲೆಯೆತ್ತಿದರು. ಮಲಕಾಜಪ್ಪ ಬಂದು ನಿಂತಿದ್ದ. ಊರಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಆಳು, ಮನೆಯಲ್ಲಿ ನೀರಿನ ತಂಬಿಗೆಯನ್ನೂ ತಾನು ಎತ್ತಿಕೊಂಡವನಲ್ಲ. ಈಗ ಅವನ ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಒಂದು ಕೈಯಲ್ಲಿ ಬದನೆಕಾಯಿ ಪಲ್ಯದ ಗಡಿಗೆ, ಇನ್ನೊಂದರಲ್ಲಿ ನೀರಿನ ಚರಿಗೆ.  ಅಳಿಯನನ್ನು ನೋಡಿದ, ಕಂಬಗಳ ಕಡೆ ನೋಡಲಿಲ್ಲ. 

ಗಡಿಗೆ ಚರಿಗೆ ಕೆಳಗಿಟ್ಟು, ಬುಟ್ಟಿ ಇಳಿಸಿ, ಮೇಲೆ ಹೊದಿಸಿದ್ದ ಅರಿವೆಯನ್ನು ತಾನೇ ಸರಿಸಿದ. ಬಿಸಿರೊಟ್ಟಿಯ ಮೇಲೆ ಪಲ್ಯ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಮೊದಲು ಕಾಶಿಬಾಯಿಯ ಕೈಗೆ ಕೊಟ್ಟ.